ಅಳು: ಸೊನ್ನೆ

ಜನವರಿ ೧೪

ಅಳುಮುಂಜಿಗೆ,

ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೂ "ಚೆನ್ನಾಗಿದೀನಿ ಅಕ್ಕ" ಅಂತ ನೀನು ಹೇಳುವ ದನಿ ನನಗೆ ಗೊತ್ತು, ಟೂತ್‌ಪೇಸ್ಟಿನ ಜಾಹೀರಾತಿಗೆ ಕೊಡುವ ದನಿ ಅದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿನ್ನೆ ಅಮ್ಮ ಎಲ್ಲ ಹೇಳಿದಳು. ಹಾಸಿಗೆ ಬಿಟ್ಟು ಏಳುತ್ತಿಲ್ಲವಂತೆ. ತಲೆ ಬಾಚಿಕೊಳ್ಳುವುದಿಲ್ಲವಂತೆ. ಸ್ಟುಡಿಯೋದಿಂದ ಕರೆ ಬಂದರೆ ಅಮ್ಮನ ಕೈಲಿ "ಊರಲ್ಲಿಲ್ಲ" ಅಂತ ಸುಳ್ಳು ಹೇಳಿಸುತ್ತೀಯಂತೆ. ಸಿನಿಮಾ ನಾಯಕಿಯರಿಗೆಲ್ಲ ಬಾಡಿಗೆಗೆ ಅತ್ತು ಕೊಡುವ ನನ್ನ ತಂಗಿ ಈಗ ಮನೆಯಲ್ಲಿ ಕೂತು ಪುಕ್ಕಟೆ ಅಳುತ್ತಿದ್ದಾಳೆ ಅಂದರೆ ನಾನೇನು ಮಾಡಲಿ?

ನಗು ಬರಲಿಲ್ಲ ಅಲ್ಲವೇ. ಸರಿ ಬಿಡು.

ಸೋದರಮಾವ "ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ" ಅಂದನಂತೆ. ಚಿಕ್ಕಮ್ಮ "ತಿಂದದ್ದು ಹೆಚ್ಚಾಗಿದೆ" ಅಂದಳಂತೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು. ಇದು ಕಾಯಿಲೆ ಕಣೇ. ಕಾಲು ಮುರಿದವಳಿಗೆ ಯಾರಾದರೂ ಮದುವೆ ಮಾಡಿಸುತ್ತಾರೆಯೇ? ಇಂಥವರನ್ನು ನಾನು ದಿನಾ ನೋಡುತ್ತೇನೆ, ನನ್ನ ಹೊಟ್ಟೆಪಾಡೇ ಇದು.

ನಾನು ಕೆಲಸ ಮಾಡುವ ಸಂಶೋಧನೆ ನಿಮ್ಮೂರ ದೊಡ್ಡಾಸ್ಪತ್ರೆಯಲ್ಲೂ ನಡೆಯುತ್ತಿದೆ. ಖಿನ್ನತೆಗೆ ಹೊಸ ಮಾತ್ರೆ. ಬಂದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ನೋಡಲು ಹಾಗೆಯೇ ಇರುವ ಪೊಳ್ಳು ಮಾತ್ರೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿರುವುದಿಲ್ಲ, ನುಂಗುವವರಿಗೂ ಗೊತ್ತಿರುವುದಿಲ್ಲ. ಹೋದಾಗೆಲ್ಲ ಒಬ್ಬರು ಎದುರು ಕೂರಿಸಿಕೊಂಡು ಕೇಳುತ್ತಾರೆ: ನಿದ್ದೆ ಹೇಗಿದೆ, ಹಸಿವು ಹೇಗಿದೆ, ಅಳು ಬರುತ್ತದೆಯೇ, ಸಾಯಬೇಕು ಅನ್ನಿಸುತ್ತದೆಯೇ. ಪ್ರತಿ ಉತ್ತರಕ್ಕೂ ಅಂಕ ಕೊಡುತ್ತಾರೆ. ಇಲ್ಲಿ ನಾನು ಮಾಡುವ ಕೆಲಸವೂ ಅದೇ. ಶಾಲೆಯ ಅಂಕದ ಹಾಗಲ್ಲ, ಇಲ್ಲಿ ಎಲ್ಲ ತಿರುಗಾಮುರುಗಾ. ಕಡಿಮೆ ಬಂದಷ್ಟೂ ವಾಸಿ. ಸೊನ್ನೆ ಬಂದವರೇ ಫಸ್ಟ್ ಕ್ಲಾಸು.

ಒಂದು ಮಾತು. ನಾನು ನಿನ್ನ ಅಕ್ಕ ಅಂತ ಅಲ್ಲಿ ಬಾಯಿ ಬಿಡಬೇಡ. ಕೆಲಸ ಮಾಡುವವರ ಮನೆಯವರನ್ನು ಇದಕ್ಕೆ ಸೇರಿಸುವ ಹಾಗಿಲ್ಲ. ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ಹೋದರೆ ಹೋಗಲಿ, ನನಗೆ ನಿಯಮಕ್ಕಿಂತ ನೀನು ಹೆಚ್ಚು.

ಹೋಗುತ್ತೀಯಲ್ಲ? ನನಗೋಸ್ಕರ ಬೇಡ, ಅಮ್ಮನಿಗೋಸ್ಕರವಾದರೂ ಹೋಗು.

ಅಕ್ಕ


ಜನವರಿ ೨೬

ಅಂಕ ಹಾಕುವ ಟೀಚರಮ್ಮನಿಗೆ,

ಹೋಗಿ ಬಂದೆ. ಮಾತ್ರೆಯೂ ಬಂತು. ಬಿಳಿ ಡಬ್ಬಿ, ಮೇಲೆ ನನ್ನ ಹೆಸರಿಲ್ಲ, ಬರೀ ನಂಬರು.

ಕಾಗದ ಬರೆದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನಾನು ಯಾವ ದನಿ ಬೇಕಾದರೂ ಹಾಕುತ್ತೇನೆ, ಕೊನೆಗೆ ನನಗೇ ಯಾವುದು ನಿಜ ಅಂತ ತಿಳಿಯುವುದಿಲ್ಲ. ಕಾಗದದಲ್ಲಿ ನನಗೆ ನಾಟಕ ಆಡಲು ಬರುವುದಿಲ್ಲ. ಇನ್ನು ಮೇಲೆ ಹೀಗೇ ಬರೆಯೋಣ.

ಏನಾಗಿದೆ ಅಂತ ಎಲ್ಲರೂ ಕೇಳುತ್ತಾರೆ. ಏನೂ ಆಗಿಲ್ಲ ಅಕ್ಕ, ಅದೇ ಕಷ್ಟ. ಯಾರೂ ಸತ್ತಿಲ್ಲ, ಯಾರೂ ಕೈಕೊಟ್ಟಿಲ್ಲ, ಕೆಲಸ ಚೆನ್ನಾಗಿತ್ತು. ಬೆಳಿಗ್ಗೆ ಕಣ್ಣುಬಿಟ್ಟರೆ ಎದೆಯ ಮೇಲೆ ನೆಂದ ಹಾಸಿಗೆ ಹೇರಿದ ಹಾಗಿರುತ್ತದೆ. ಹಲ್ಲುಜ್ಜಬೇಕು ಅನ್ನುವ ಯೋಚನೆಗೇ ಸುಸ್ತಾಗುತ್ತದೆ. ಹೋದ ವಾರ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ನಮ್ಮದು ನಾಲ್ಕನೇ ಮಹಡಿ, ನಿನಗೆ ಗೊತ್ತಲ್ಲ. ಕೆಳಗೆ ನೋಡಿದೆ. ತುಂಬ ಹೊತ್ತು ನೋಡಿದೆ. ಅಮ್ಮ ಹಿಂದಿನಿಂದ ಬಂದು ನನ್ನ ಕೈಯಿಂದ ಬಕೆಟ್ಟು ಇಸಿದುಕೊಂಡಳು. ಅವತ್ತಿನಿಂದ ಬಟ್ಟೆ ಅವಳೇ ಹರವುತ್ತಾಳೆ. ಇದನ್ನು ಅವಳು ನಿನಗೆ ಹೇಳಿರುವುದಿಲ್ಲ.

ಪ್ರಶ್ನೆ ಕೇಳುವ ಹುಡುಗಿ ಒಳ್ಳೆಯವಳು. ಕೇಳುವಾಗ ಮಾತ್ರ ಥೇಟ್ ನಿನ್ನ ಹಾಗೆ ಹುಬ್ಬು ಮೇಲೆತ್ತುತ್ತಾಳೆ. ತರಬೇತಿಯಲ್ಲಿ ಹುಬ್ಬನ್ನೂ ಕಲಿಸುತ್ತಾರಾ? "ಏನು ಕೆಲಸ ಮಾಡ್ತೀರಾ?" ಅಂದಳು. "ಅಳ್ತೀನಿ" ಅಂದೆ. ಪಾಪ, ಬರೆದುಕೊಂಡೇ ಬಿಟ್ಟಳು! ಆಮೇಲೆ ಡಬ್ಬಿಂಗ್ ಅಂತ ಬಿಡಿಸಿ ಹೇಳಿ ಹೊಡೆದು ಹಾಕಿಸಿದೆ. ತಿಂಗಳುಗಳಾದ ಮೇಲೆ ಅವತ್ತು ಒಂದು ಚೂರು ನಗು ಬಂತು.

ನೀನು ನನ್ನ ಅಕ್ಕ ಅಂತ ಹೇಳಲಿಲ್ಲ. "ಮನೇಲಿ ಯಾರ್ಯಾರಿದಾರೆ?" ಅಂದಾಗ "ನಾನು, ಅಮ್ಮ, ಇಬ್ಬರೇ" ಅಂದೆ. ನಿನ್ನನ್ನು ಕುಟುಂಬದಿಂದ ತೆಗೆದುಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ತಂಗಿ


ಫೆಬ್ರವರಿ ೧೨

ಅಳುಮುಂಜಿಗೆ,

ಬಕೆಟ್ಟಿನ ವಿಷಯ ಓದಿ ಕಾಗದ ಹಿಡಿದುಕೊಂಡೇ ಒಳಗೆ ಓಡಿದೆ. ನಿಮ್ಮ ಭಾವ "ಹೋಗಿ ಒಂದು ವಾರ ಇದ್ದು ಬಾ" ಅಂದರು. ಹೋಗೋಣ ಅಂದರೆ ಇಲ್ಲಿ ಈಗ ತಾನೇ ಹೊಸ ರೋಗಿಗಳು ಸೇರಿದ್ದಾರೆ. ಮೊದಲ ದಿನ ಯಾರು ಪ್ರಶ್ನೆ ಕೇಳಿದರೋ ಕೊನೆಯವರೆಗೂ ಅವರೇ ಕೇಳಬೇಕು, ಇಲ್ಲದಿದ್ದರೆ ಅಂಕ ಕೆಡುತ್ತದೆ. ನಾನು ಕದಲುವ ಹಾಗಿಲ್ಲ. ಬೇಸಿಗೆಗೆ ಖಂಡಿತ ಬರುತ್ತೇನೆ.

ಈಗ ಹೇಳು. ನಿದ್ದೆ ಬರುತ್ತಿದೆಯೇ, ನಡುವೆ ಎಚ್ಚರವಾಗುತ್ತದೆಯೇ? ಹಸಿವು? ಅಳು ಎಷ್ಟು ಸಲ? ತಪ್ಪೆಲ್ಲ ನನ್ನದೇ ಅನ್ನಿಸುವುದು ಕಡಿಮೆಯಾಯಿತೇ? ಕೆಳಗೆ ನೋಡಬೇಕು ಅನ್ನಿಸುವುದು? ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಇದ್ದರೆ ಗಾಬರಿಯಾಗಬೇಡ, ಮಾತ್ರೆ ಕೆಲಸ ಶುರು ಮಾಡಿತು ಅಂತ ಅರ್ಥ. ನಾನು ಹೀಗಂದೆ ಅಂತ ಅಲ್ಲಿ ಹೇಳಬೇಡ ಮತ್ತೆ.

ಇಲ್ಲಿ ದೊಡ್ಡ ಡಾಕ್ಟರು ತುಂಬ ಹುರುಪಿನಲ್ಲಿದ್ದಾರೆ. ಈ ಮಾತ್ರೆ ಗೆದ್ದರೆ ನಮ್ಮ ಕೇಂದ್ರಕ್ಕೆ ಹೆಸರು. ಗೆದ್ದೇ ಗೆಲ್ಲುತ್ತದೆ ಅಂತ ನನಗನ್ನಿಸುತ್ತದೆ. ನನ್ನ ಬಳಿ ಬರುವ ಒಬ್ಬ ಟ್ಯಾಕ್ಸಿ ಡ್ರೈವರ್ ಮೊದಲ ಸಲ ಬಂದಾಗ ಗೋಡೆ ನೋಡಿಕೊಂಡು ಕೂತಿದ್ದ. ಮೊನ್ನೆ ಬಂದವನು "ಮೇಡಂ, ನಿಮ್ಮ ಗಡಿಯಾರ ನಿಂತಿದೆ" ಅಂದ. ಎಷ್ಟು ಖುಷಿಯಾಯಿತು ಗೊತ್ತಾ! ಗಡಿಯಾರ ನಿಂತು ವರ್ಷವಾಗಿತ್ತು, ನಾವ್ಯಾರೂ ನೋಡಿರಲಿಲ್ಲ.

ಅಕ್ಕ


ಮಾರ್ಚ್ ೯

ಟೀಚರಮ್ಮ,

ನಿನ್ನ ಬಾಯಿಗೆ ಸಕ್ಕರೆ ಹಾಕ! ನನ್ನದು ಪೊಳ್ಳು ಮಾತ್ರೆ ಅಲ್ಲ, ನಿಜವಾದದ್ದೇ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಆದರೆ ಎದೆಯ ಮೇಲಿನ ಹಾಸಿಗೆಯನ್ನು ಯಾರೋ ಎತ್ತಿಟ್ಟಿದ್ದಾರೆ. ಏಳುತ್ತೇನೆ, ಸ್ನಾನ ಮಾಡುತ್ತೇನೆ, ತಲೆ ಬಾಚುತ್ತೇನೆ. ಬಟ್ಟೆ ಹರವಲು ಹೋದರೆ ಬಟ್ಟೆ ಅಷ್ಟೇ ಕಾಣಿಸುತ್ತದೆ. ನಿನ್ನೆ ಸೋದರಮಾವ ಮಾತಾಡುವುದನ್ನು ಅಣಕಿಸಿ ತೋರಿಸಿದೆ, ಅಮ್ಮ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಸಬೇಕಾಯಿತು. ನಿನ್ನ ಋಣ ನಾನು ತೀರಿಸುವ ಹಾಗಿಲ್ಲ.

ಸ್ಟುಡಿಯೋಗೂ ಹೋಗಿ ಬಂದೆ. ಅಲ್ಲೊಂದು ತಮಾಷೆ ಆಯಿತು. ಹೆಣ್ಣೊಬ್ಬಳು ಆಸ್ಪತ್ರೆಯ ಬಾಗಿಲಲ್ಲಿ ಕುಸಿದು ಅಳುವ ತುಣುಕು. ನನಗೆ ಇದೆಲ್ಲ ಎಡಗೈ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡಿದೆ, ಉಸಿರು ಹಿಡಿದೆ, ಬಿಟ್ಟೆ. ದನಿ ಬಂತು, ಅಳು ಬರಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಗಾಜಿನ ಆಚೆಯಿಂದ ಡಬ್ಬಿಂಗ್ ನಿರ್ದೇಶಕರು, "ಏನಮ್ಮಾ, ಅಳು ಅಂದ್ರೆ ಬಿಕ್ಕಳಿಕೆ ಕೊಡ್ತಾ ಇದೀಯಾ, ನೀರು ಕುಡ್ಕೊಂಡು ಬಾ" ಅಂದರು. ಸೌಂಡ್ ಎಂಜಿನಿಯರ್ "ಕಣ್ಣೀರಿನ ಫ್ಯಾಕ್ಟರಿಗೆ ಬೀಗಮುದ್ರೆ" ಅಂತ ನಗಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಹಳ ದಿನ ಕೆಲಸ ಬಿಟ್ಟಿದ್ದೆನಲ್ಲ, ತುಕ್ಕು ಹಿಡಿದಿರಬೇಕು.

ಅಮ್ಮ ನಿನಗೆ ಸ್ವೆಟರ್ ಹೆಣೆಯುತ್ತಿದ್ದಾಳೆ. ಬೇಸಿಗೆಗೆ ಬರುವವಳಿಗೆ ಸ್ವೆಟರ್ ಯಾಕೆ ಅಂದರೆ ಸಿಟ್ಟು ಬರುತ್ತದೆ ಅವಳಿಗೆ.

ತಂಗಿ


ಮಾರ್ಚ್ ೧೮

ಚಿನ್ನಾ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಕುಣಿದಾಡಿದೆ. ನಿಮ್ಮ ಭಾವ ಹಾಲು ಉಕ್ಕಿದ್ದಕ್ಕೂ ಬೈಯಲಿಲ್ಲ.

ನಿನಗೆ ಹೇಳಬಾರದು, ಆದರೂ ಹೇಳುತ್ತೇನೆ. ನಿನ್ನ ಕಾಗದ ಇಟ್ಟುಕೊಂಡು ನಾನೇ ಅಂಕ ಹಾಕಿ ನೋಡಿದೆ. ನಿದ್ದೆ, ಸೊನ್ನೆ. ಸಾಯುವ ಯೋಚನೆ, ಸೊನ್ನೆ. ಅಳು, ಸೊನ್ನೆ! ಎರಡು ತಿಂಗಳ ಹಿಂದೆ ಹಗಲೆಲ್ಲ ಅಳುತ್ತಿದ್ದವಳು ಈಗ ಅಳು ಅಂದರೂ ಅಳುವುದಿಲ್ಲ ಅಂದರೆ ಇದಕ್ಕಿಂತ ಇನ್ನೇನು ಬೇಕು? ಸ್ಟುಡಿಯೋದವರು ನಕ್ಕರೆ ನಗಲಿ. ನಿನ್ನ ಕಣ್ಣೀರು ಅವರಪ್ಪನ ಆಸ್ತಿಯಲ್ಲ. ನಗುವ ಪಾತ್ರ ಮಾಡು, ಬೈಯುವ ಪಾತ್ರ ಮಾಡು.

ಹೀಗೇ ಇರು. ಮಾತ್ರೆ ತಪ್ಪಿಸಬೇಡ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ಬೇಗ ಬರೆಯಲಿಲ್ಲ. ಹೇಗೆ ಬರೆಯಬೇಕು ಅಂತ ತಿಳಿಯಲಿಲ್ಲ.

ನಗುವ ಪಾತ್ರ ಮಾಡು ಅಂದೆಯಲ್ಲ, ಅದೂ ಬರುತ್ತಿಲ್ಲ. ಬಾಯಿಂದ ನಗು ಬರುತ್ತದೆ, ಲೆಕ್ಕಕ್ಕೆ ಸರಿಯಾಗಿಯೇ ಬರುತ್ತದೆ, ಒಳಗೆ ಮಾತ್ರ ಯಾರೂ ನಗುವುದಿಲ್ಲ. ದುಃಖ ಅಲ್ಲ ಅಕ್ಕ ಇದು, ದಯವಿಟ್ಟು ಅರ್ಥ ಮಾಡಿಕೋ. ದುಃಖ ಹೇಗಿರುತ್ತದೆ ಅಂತ ನನಗೆ ಗೊತ್ತು. ಇದು ಹಲ್ಲು ಕೀಳುವಾಗ ಕೊಟ್ಟ ಇಂಜೆಕ್ಷನ್ನಿನ ಹಾಗೆ. ನೋವಿಲ್ಲ, ಆದರೆ ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಕೆಳಗಿನ ಮನೆಯ ನಾಯಿ, ನಾನು ಬಿಸ್ಕತ್ತು ಹಾಕುತ್ತಿದ್ದೆನಲ್ಲ ಆ ಕುಂಟ ನಾಯಿ, ಲಾರಿಗೆ ಸಿಕ್ಕಿತು. ನಾನೇ ನೋಡಿದೆ. "ಅಯ್ಯೋ" ಅಂದೆ. ಅಂದದ್ದು ಎಷ್ಟು ಚೆನ್ನಾಗಿ ಬಂತು ಅಂದರೆ, ಇದನ್ನು ರೆಕಾರ್ಡ್ ಮಾಡಬಹುದಿತ್ತು ಅನ್ನಿಸಿತು. ಅಷ್ಟೇ ಅನ್ನಿಸಿದ್ದು.

ದೊಡ್ಡ ಚಿತ್ರದ ಕೆಲಸ ಕೈತಪ್ಪಿತು. ತಾಯಿಯ ಪಾತ್ರ, ಮುಕ್ಕಾಲು ಪಾಲು ಅಳುವುದೇ, ನನಗೆಂದೇ ಇಟ್ಟಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ರೆಕಾರ್ಡಿಂಗ್ ಬೂತ್‌ನಲ್ಲಿ ನಿಂತೆ. ನಿರ್ದೇಶಕರು ಕೊನೆಗೆ ಒಳಗೆ ಬಂದು, "ಹದಿನೈದು ವರ್ಷದಿಂದ ನಿನ್ನ ಜೊತೆ ಕೆಲಸ ಮಾಡ್ತಿದೀನಿ, ಕಣ್ಣು ಒದ್ದೆ ಆಗದೆ ನಿನ್ನ ದನಿ ಒದ್ದೆ ಆಗಿದ್ದೇ ಇಲ್ಲ. ಏನಾಯ್ತೇ ನಿಂಗೆ?" ಅಂದರು. ಬೈದಿದ್ದರೆ ವಾಸಿಯಿತ್ತು. ಹೊಸ ಹುಡುಗಿಯನ್ನು ಕರೆಸಿದರು. ಅವಳು ಮೈಕಿನ ಮುಂದೆ ನಿಂತ ಕೂಡಲೇ ಹೋ ಅಂತ ಅತ್ತಳು. ನನಗೆ ಹೊಟ್ಟೆಕಿಚ್ಚೂ ಆಗಲಿಲ್ಲ.

ಪ್ರಶ್ನೆ ಕೇಳುವ ಹುಡುಗಿಗೆ ಇದನ್ನೆಲ್ಲ ಹೇಳಿದೆ. ತುಂಬ ಹೊತ್ತು ಹಾಳೆ ತಿರುಗಿಸಿ ನೋಡಿದಳು. "ಅಳು ಬರಲ್ಲ ಅನ್ನೋದಕ್ಕೆ ಕಾಲಂ ಇಲ್ಲ ಮೇಡಂ, ಅಳು ಬರುತ್ತೆ ಅನ್ನೋದಕ್ಕಷ್ಟೇ ಇದೆ" ಅಂದಳು. ಸೊನ್ನೆ ಹಾಕಿದಳು.

ಈ ಮಾತ್ರೆ ನನ್ನನ್ನು ಬಾಲ್ಕನಿಯಿಂದ ಈಚೆಗೆ ಎಳೆದು ತಂದಿತು, ಇಲ್ಲ ಅನ್ನುವುದಿಲ್ಲ. ಆದರೆ ಎಳೆದು ತಂದು ಎಲ್ಲಿಟ್ಟಿತು? ನಿನ್ನ ಹತ್ತಿರ ಬರುವವರಲ್ಲಿ ಯಾರಾದರೂ ಹೀಗೆ ಹೇಳಿದ್ದಾರಾ? ನಿಜ ಹೇಳು. ಬೇರೆಯವರಿಗೂ ಆಗಿದ್ದರೆ ಮಾತ್ರೆಯದು ಅಂತ ತಿಳಿದುಕೊಳ್ಳುತ್ತೇನೆ. ನನಗೊಬ್ಬಳಿಗೇ ಆದರೆ ನಾನೇ ಹೀಗಾದೆ ಅಂತ ತಿಳಿದುಕೊಳ್ಳಬೇಕಾಗುತ್ತದೆ. ನಿಲ್ಲಿಸಿಬಿಡಲಾ?

ತಂಗಿ


ಏಪ್ರಿಲ್ ೨೮

ಚಿನ್ನಾ,

ಬೇಡ, ಬೇಡ, ನಿಲ್ಲಿಸಬೇಡ. ಈ ಮಾತ್ರೆಗಳನ್ನು ಇದ್ದಕ್ಕಿದ್ದ ಹಾಗೆ ಬಿಡುವುದು ಅಪಾಯ. ಬಿಟ್ಟರೆ ಮೊದಲಿನದಕ್ಕಿಂತ ಜೋರಾಗಿ ಬರಬಹುದು. ಇದು ಅಕ್ಕನಾಗಿ ಹೇಳುವುದಲ್ಲ, ಕಲಿತದ್ದನ್ನು ಹೇಳುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ಇಲ್ಲಿ ಯಾರೂ ಹಾಗೆ ಹೇಳಿಲ್ಲ. ಬಹಳ ದಿನ ಮಲಗಿದ್ದವರಿಗೆ ಎದ್ದು ನಿಂತಾಗ ಕಾಲು ಜೋಮು ಹಿಡಿಯುವುದಿಲ್ಲವೇ, ಇದೂ ಅಂಥದ್ದೇ ಇರಬೇಕು. ತಾನಾಗಿ ಹೋಗುತ್ತದೆ. ಇನ್ನು ಸ್ವಲ್ಪ ದಿನ. ಮೇ ಕೊನೆಗೆ ಕಡೆಯ ಭೇಟಿ ಇದೆ, ಅಲ್ಲಿಯವರೆಗೆ ಹೇಗಾದರೂ ಮುಗಿಸು. ನಡುವೆ ಬಿಟ್ಟವರನ್ನು ಲೆಕ್ಕಕ್ಕೆ ಹಿಡಿಯುವುದೇ ಒಂದು ತಲೆನೋವು. ದೊಡ್ಡ ಡಾಕ್ಟರು ದಿನಾ "ಯಾರೂ ಬಿಡದ ಹಾಗೆ ನೋಡಿಕೊಳ್ಳಿ" ಅಂತ ಹೇಳುತ್ತಾರೆ.

ಒಂದು ಕೆಲಸ ಹೋದರೆ ಇನ್ನೊಂದು ಬರುತ್ತದೆ ಕಣೇ. ಜೀವ ಇದ್ದರೆ ಬೆಲ್ಲ ಬೇಡಿ ತಿಂದೇವು.

ಅಕ್ಕ


ಮೇ ೧೯

ಅಕ್ಕಾ,

ಫೋನಿನಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ಹೇಳಿದ್ದು ಸರಿಯಾಗಿತ್ತೋ ಇಲ್ಲವೋ ಗೊತ್ತಿಲ್ಲ.

ಅವತ್ತು ಬೆಳಿಗ್ಗೆ ಅಮ್ಮ ಚಹಾ ಮಾಡಿಕೊಂಡು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಳು. ನಾನು ಸ್ನಾನಕ್ಕೆ ಹೋದೆ. ಬಂದಾಗ ಕೂತೇ ಇದ್ದಳು. ತಲೆ ಒಂದು ಕಡೆ ವಾಲಿತ್ತು. ಕೈಯಲ್ಲಿ ಲೋಟ ಹಾಗೇ ಇತ್ತು, ಚಹಾ ಚೆಲ್ಲಿರಲಿಲ್ಲ. ಮುಟ್ಟಿದೆ. ಗೊತ್ತಾಯಿತು. ಚಹಾ ಚೆಲ್ಲೀತು ಅಂತ ಮೊದಲು ಬೆರಳು ಬಿಡಿಸಿ ಲೋಟ ತೆಗೆದಿಟ್ಟೆ. ಲೋಟ ಇನ್ನೂ ಬೆಚ್ಚಗಿತ್ತು. ಆಮೇಲೆ ಒದ್ದೆ ತಲೆ ಒರೆಸಿಕೊಂಡೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದೆ, ಆಮೇಲೆ ನಿನಗೆ. ಯಾರ್ಯಾರಿಗೆ ತಿಳಿಸಬೇಕೋ ತಿಳಿಸಿದೆ. ಬಂದವರಿಗೆ ಕುರ್ಚಿ ಹಾಕಿದೆ. ಡಾಕ್ಟರು "ಹೃದಯ ನಿಂತಿದೆ, ನೋವಾಗಿರಲ್ಲ" ಅಂದರು. ಸಂಜೆಯ ಹೊತ್ತಿಗೆ ಕಳಿಸಿಕೊಟ್ಟು ಬಂದೆವು. ಎಲ್ಲ ಚೆನ್ನಾಗಿ ನಡೆಯಿತು. ನಾನು ಒಂದೂ ತಪ್ಪು ಮಾಡಲಿಲ್ಲ.

ನನಗೆ ಏನೂ ಆಗಲಿಲ್ಲ ಅಕ್ಕ.

ಚಿಕ್ಕಮ್ಮ ನಡುಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ದುಡ್ಡು ಕೊಟ್ಟರೆ ಸಿನಿಮಾದಲ್ಲಿ ಕೊಡಗಟ್ಟಲೆ ಅಳ್ತಾಳೆ, ಹೆತ್ತ ತಾಯಿಗೆ ಒಂದು ಹನಿ ಇಲ್ಲ ನೋಡ್ರೇ" ಅಂದಳು. ಸೋದರಮಾವ "ಕಲ್ಲು" ಅಂದ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿದೆ. ಸುಳ್ಳಲ್ಲ, ಬೂತ್‌ನಲ್ಲಿ ಮಾಡುವ ಹಾಗೆ ಉಸಿರು ಹಿಡಿದು, ಅಮ್ಮ ಬಕೆಟ್ಟು ಇಸಿದುಕೊಂಡದ್ದನ್ನು ನೆನೆಸಿಕೊಂಡು, ಅಮ್ಮನಿಗೋಸ್ಕರ ಅಳಲು ಪ್ರಯತ್ನ ಮಾಡಿದೆ. ಬಿಕ್ಕಳಿಕೆ ಬಂತು.

ನೀನು ಬರುತ್ತೀಯ ಅಂತ ಕಾದೆವು. ಆಮೇಲೆ ಕಾಯಲಿಲ್ಲ.

ಒಂದು ಕೆಲಸ ಮಾಡು. ನಿಮ್ಮ ವರದಿಯಲ್ಲಿ ನನ್ನದು ಒಂದೇ ಒಂದು ಸಾಲು ಬರೆ. ಈ ಮಾತ್ರೆ ತೆಗೆದುಕೊಂಡ ಒಬ್ಬಳಿಗೆ ತಾಯಿ ಸತ್ತಾಗ ಅಳು ಬರಲಿಲ್ಲ ಅಂತ. ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೆ. ಮುಂದೆ ಇದನ್ನು ನುಂಗುವವರಿಗೆ ಗೊತ್ತಿರಲಿ. ಇಷ್ಟು ಮಾಡು, ಇನ್ನೇನೂ ಕೇಳುವುದಿಲ್ಲ.

ತಂಗಿ


ಮೇ ೩೦

ನನ್ನ ಬಂಗಾರ,

ಅಮ್ಮ ಹೋದಳು ಅಂತ ಇನ್ನೂ ನಂಬಲಾಗುತ್ತಿಲ್ಲ. ಬರದಿದ್ದದ್ದಕ್ಕೆ ಬೈದುಕೋ, ಒಪ್ಪುತ್ತೇನೆ. ಆದರೆ ಕೇಳು, ಅದು ಇಲ್ಲಿ ಕಡೆಯ ಭೇಟಿಗಳು ಶುರುವಾದ ವಾರ. ನನ್ನ ರೋಗಿಗಳಿಗೆ ನಾನೇ ಕೇಳಬೇಕು, ನಾನು ಹೋಗಿದ್ದರೆ ಇಷ್ಟು ತಿಂಗಳ ಕೆಲಸ ನೀರಿನಲ್ಲಿ ಹೋಮ. ಫೋನಿನಲ್ಲಿ ನಾನು "ನೀನು ಹೇಗಿದೀಯ" ಅಂದೆ, ನೀನು "ಆರಾಮಾಗಿದೀನಿ" ಅಂದೆ. ನಾನು "ಎಲ್ಲ ನೋಡ್ಕೋತೀಯಾ" ಅಂದೆ, ನೀನು "ಹೂಂ" ಅಂದೆ. ನಿನ್ನ ದನಿ ಎಷ್ಟು ಗಟ್ಟಿಯಾಗಿತ್ತು! ಜನವರಿಯಲ್ಲಿದ್ದ ನೀನಾಗಿದ್ದರೆ ಯಾವ ವಾರವಾದರೂ ನಾನು ಓಡಿ ಬರುತ್ತಿದ್ದೆ.

ನಿನ್ನ ಕಾಗದ ಓದಿದೆ. ನಿಜ ಹೇಳುತ್ತೇನೆ, ಓದಿ ಸಮಾಧಾನವಾಯಿತು. ಮೊದಲಿನವಳಾಗಿದ್ದರೆ ಅಮ್ಮನ ಹಿಂದೆಯೇ ನೀನೂ ಹೋಗಿಬಿಡುತ್ತಿದ್ದೆ. ಅಂಥ ಹೊತ್ತಿನಲ್ಲಿ ಲೋಟ ತೆಗೆದಿಟ್ಟು, ಎಲ್ಲರಿಗೂ ತಿಳಿಸಿ, ಒಂದೂ ತಪ್ಪಿಲ್ಲದೆ ನಡೆಸಿದೆಯಲ್ಲ! ಚಿಕ್ಕಮ್ಮನ ಮಾತು ಬಿಡು, ಅವಳಿಗೆ ಸತ್ತವರ ಮನೆಯಲ್ಲೂ ಜಗಳ ಬೇಕು. ಆ ಟ್ಯಾಕ್ಸಿ ಡ್ರೈವರನೂ ಮೊನ್ನೆ "ಮಗಳು ಹುಟ್ಟಿದಳು ಮೇಡಂ, ಎತ್ತಿಕೊಂಡೆ, ಏನೂ ಅನ್ನಿಸಲಿಲ್ಲ" ಅಂದ. ಆದರೆ ಗಾಡಿ ಓಡಿಸುತ್ತಿದ್ದಾನೆ, ಮನೆ ನಡೆಸುತ್ತಿದ್ದಾನೆ. ಬದುಕುವುದು ಮುಖ್ಯ ಅಲ್ಲವೇ?

ನಿನ್ನ ಸಾಲು ಬರೆಸುತ್ತೇನೆ. ಮಾತು ಕೊಡುತ್ತಿದ್ದೇನೆ. ಕಾಗದವನ್ನೇ ದೊಡ್ಡ ಡಾಕ್ಟರಿಗೆ ಕೊಡುತ್ತೇನೆ, ನಾವು ಅಕ್ಕತಂಗಿ ಅಂತ ತಿಳಿಯುವ ಸಾಲುಗಳನ್ನೆಲ್ಲ ಕತ್ತರಿಸಿ, ಒಬ್ಬ ರೋಗಿ ಬರೆದದ್ದು ಅಂತ ಹೇಳಿ.

ಅಕ್ಕ


ಜೂನ್ ೮

ಅಕ್ಕ,

ಸಮಾಧಾನವಾಯಿತಾ? ಒಳ್ಳೆಯದು. ಒಬ್ಬರಿಗಾದರೂ ಆಯಿತಲ್ಲ.

"ಇಲ್ಲಿ ಯಾರೂ ಹಾಗೆ ಹೇಳಿಲ್ಲ" ಅಂದಿದ್ದೆ. ಮಗಳನ್ನು ಎತ್ತಿಕೊಂಡ ಆ ಅಪ್ಪ ಯಾವಾಗ ಹೇಳಿದ? ಅವನೊಬ್ಬನೇನಾ? ನಾನು ಏಪ್ರಿಲ್‌ನಲ್ಲಿ ಕೇಳಿದಾಗ ನಿನ್ನ ಮುಂದೆ ಎಷ್ಟು ಜನ ಇದನ್ನೇ ಹೇಳಿ ಎದ್ದು ಹೋಗಿದ್ದರು?

ಕಡೆಯ ಭೇಟಿ ಮುಗಿಯಿತು. ಆ ಹುಡುಗಿ ಕೈಕುಲುಕಿದಳು. ಉಳಿದ ಮಾತ್ರೆ ವಾಪಸ್ ಇಸಿದುಕೊಂಡಳು. "ಮುಂದಕ್ಕೆ?" ಅಂದೆ. "ಸಂಶೋಧನೆ ಮುಗೀತಲ್ಲ ಮೇಡಂ, ಮುಂದಕ್ಕೆ ನಿಮ್ಮ ಡಾಕ್ಟರನ್ನ ನೋಡಿ" ಅಂದಳು. ನಾನು ಇದ್ದಕ್ಕಿದ್ದ ಹಾಗೆ ಬಿಟ್ಟರೆ ಅಪಾಯ ಅಂದೆಯಲ್ಲ, ನಿಮ್ಮವರು ಒಂದೇ ದಿನದಲ್ಲಿ ನಿಲ್ಲಿಸಿದರು. ನಿಮಗೆ ಬೇಕಾದಾಗ ಅಪಾಯ, ಬೇಡವಾದಾಗ ಟಾಟಾ.

ಕೆಲವು ದಿನ ಬರೆಯುವುದಿಲ್ಲ.


ಜುಲೈ ೨

ಚಿನ್ನಾ, ಹೇಗಿದ್ದೀಯ? ಫೋನ್ ಎತ್ತುತ್ತಿಲ್ಲ. ಅವರು ಮಾತ್ರೆ ಇಳಿಸುತ್ತಾ ಬರಬೇಕಿತ್ತು, ಅಲ್ಲಿನ ಕೇಂದ್ರದವರದೇ ತಪ್ಪು. ನಾನು ಕೇಳಲು ಹೋದರೆ ನಿನ್ನ ವಿಷಯ ನನಗೆ ಹೇಗೆ ಗೊತ್ತು ಅನ್ನುತ್ತಾರೆ. ದಯವಿಟ್ಟು ಒಂದು ಸಾಲು ಬರೆ.

ಅಕ್ಕ


ಆಗಸ್ಟ್ ೨೧

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಇದಾಳೆ, ಅಳ್ತಾ ಇದಾಳೆ" ಅಂದು ಇಟ್ಟುಬಿಟ್ಟಳು. ಹೊರಡೋಣ ಅಂದರೆ ವರದಿಯ ಗಡಿಬಿಡಿ. ನಿದ್ದೆ ಬರುತ್ತಿದೆಯೇ? ಹಸಿವು? ಬಾಲ್ಕನಿ ಕಡೆ ಹೋಗಬೇಡ, ಬಟ್ಟೆ ಒಳಗೇ ಹರವಿಕೋ. ಮುಂದಿನ ತಿಂಗಳು ಖಂಡಿತ ಬರುತ್ತೇನೆ.

ಅಕ್ಕ


ಅಕ್ಟೋಬರ್ ೧೧

ಬಂಗಾರಾ,

ಇಷ್ಟು ದಿನ ಸುಮ್ಮನಿದ್ದು ಶಿಕ್ಷೆ ಕೊಟ್ಟದ್ದು ಸಾಕು. ನಾನು ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ, ನೋಡು. ವರದಿಯ ಪುಸ್ತಕ ಜೊತೆಗೆ ಕಳಿಸಿದ್ದೇನೆ. ನಮ್ಮ ಮಾತ್ರೆ ಗೆದ್ದಿತು. ನಿನ್ನ ಸಾಲು ಇರುವ ಪುಟದಲ್ಲಿ ಚೀಟಿ ಇಟ್ಟಿದ್ದೇನೆ.

ಹೇಗಾಯಿತು ಅಂತ ಹೇಳುತ್ತೇನೆ. ದೊಡ್ಡ ಸಭೆ, ಎಲ್ಲ ಕೇಂದ್ರದವರೂ ಬಂದಿದ್ದರು. ಅಂಕಿ ಅಂಶ ಎಲ್ಲ ತೋರಿಸಿ ಮುಗಿಸಿದ ಮೇಲೆ ದೊಡ್ಡ ಡಾಕ್ಟರು ಜೇಬಿನಿಂದ ನಿನ್ನ ಕಾಗದ ತೆಗೆದು ಗಟ್ಟಿಯಾಗಿ ಓದಿದರು. ಕಿಟಕಿ, ಕುರ್ಚಿ, ಅಮ್ಮನ ಬೆರಳು ಬಿಡಿಸಿ ಬೆಚ್ಚಗಿದ್ದ ಲೋಟ ತೆಗೆದಿಟ್ಟದ್ದು, ಎಲ್ಲವನ್ನೂ. "ಒಂದೂ ತಪ್ಪು ಮಾಡಲಿಲ್ಲ" ಅನ್ನುವಲ್ಲಿಗೆ ನಿಲ್ಲಿಸಿದರು. ಎಷ್ಟೋ ಜನ ಕಣ್ಣೊರೆಸಿಕೊಂಡರು. ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಪಕ್ಕದವರು "ಯಾರದು ಈ ಕಾಗದ?" ಅಂದರು, "ಒಬ್ಬ ರೋಗಿಯದು" ಅಂದೆ.

ಹೆದರಬೇಡ, ನಿನ್ನ ಹೆಸರಾಗಲಿ ನಮ್ಮ ಸಂಬಂಧವಾಗಲಿ ಹೊರಬಿದ್ದಿಲ್ಲ. ಅಮ್ಮ ಹೋದದ್ದನ್ನು ನಾನು ಇಲ್ಲಿ ಯಾರಿಗೂ ಹೇಳಿರಲೇ ಇಲ್ಲ, ರಜೆಯನ್ನೂ ಹಾಕಿರಲಿಲ್ಲವಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಈಗಲಾದರೂ ಬರೆಯುತ್ತೀಯಾ?

ಅಕ್ಕ


ನವೆಂಬರ್ ೩

ಅಕ್ಕ,

ಬರೆಯುತ್ತೇನೆ. ಎಲ್ಲ ಬರೆದು ಮುಗಿಸುತ್ತೇನೆ.

ಮಾತ್ರೆ ನಿಂತ ಮೇಲೆ ತಲೆಯೊಳಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ಕತ್ತು ತಿರುಗಿಸಿದರೆ ಸಾಕು. ಆಮೇಲೆ ಒಂದು ಮಧ್ಯಾಹ್ನ ಅಮ್ಮ ಅರ್ಧ ಹೆಣೆದಿದ್ದ ನಿನ್ನ ಸ್ವೆಟರ್ ಕಪಾಟಿನಲ್ಲಿ ಸಿಕ್ಕಿತು, ಅಳು ಬಂತು. ಅಯ್ಯೋ, ಎಂಥ ಅಳು ಅಂತೀಯ! ನೆಲದ ಮೇಲೆ ಕೂತು ಅಮ್ಮಾ ಅಮ್ಮಾ ಅಂತ ಕೂಗಿದೆ. ಸಂತೋಷವಾಯಿತು ಕೂಡ, ಕೊನೆಗೂ ಅಮ್ಮನಿಗೆ ಅತ್ತೆನಲ್ಲ ಅಂತ. ಆದರೆ ಅದು ನಿಲ್ಲಲಿಲ್ಲ. ಅಳುವಿನ ಹಿಂದೆಯೇ ಹಳೆಯದೂ ಬಂತು, ನೆಂದ ಹಾಸಿಗೆಯೂ ಬಂತು. ನೀನು ಹೇಳಿದ್ದು ಅಷ್ಟು ಮಾತ್ರ ನಿಜವಾಯಿತು, ಮೊದಲಿಗಿಂತ ಜೋರಾಗಿಯೇ ಬಂತು. ಬಾಲ್ಕನಿಗೆ ಬೀಗ ಹಾಕಿ ಕೀಲಿ ಕೆಳಮನೆಯವರಿಗೆ ಕೊಟ್ಟು ಬಂದವಳು ನಾನೇ. ಊಟ ತಂದಿಟ್ಟು ಬೈದು ತಿನ್ನಿಸಿದವಳು ಚಿಕ್ಕಮ್ಮ. ಅದೇ, ಸತ್ತವರ ಮನೆಯಲ್ಲೂ ಜಗಳ ಬೇಕಾದ ಚಿಕ್ಕಮ್ಮ. ನೀನು ಬರುತ್ತೇನೆ ಅಂದ ತಿಂಗಳುಗಳೆಲ್ಲ ಬಂದು ಹೋದವು.

ನಮ್ಮ ಬೀದಿಯ ಕ್ಲಿನಿಕ್ಕಿನ ಮುದುಕ ಡಾಕ್ಟರ ಹತ್ತಿರ ಹೋದೆ. ಎಲ್ಲ ಹೇಳಿದೆ. ಅವರು, "ಮಾತ್ರೆ ಉಪಯೋಗ ಆಯ್ತು ಅನ್ನೋದೂ ಸುಳ್ಳಲ್ಲ, ನೀನು ಹೇಳೋದೂ ಸುಳ್ಳಲ್ಲಮ್ಮ. ಹೀಗೂ ಆಗುತ್ತೆ ಕೆಲವರಿಗೆ" ಅಂದರು. ಇದೊಂದು ಮಾತು ನಿನ್ನಿಂದ ಬಂದಿದ್ದರೆ ಸಾಕಿತ್ತು ನನಗೆ. ಬೇರೆ ಮಾತ್ರೆ ಕೊಟ್ಟಿದ್ದಾರೆ, ಕಡಿಮೆ ಪ್ರಮಾಣ, ಸ್ವಲ್ಪ ಸ್ವಲ್ಪವಾಗಿ. ನುಂಗುತ್ತಿದ್ದೇನೆ. ಈಗ ಏಳುತ್ತೇನೆ. ಒಮ್ಮೊಮ್ಮೆ ಕಣ್ಣು ಒದ್ದೆಯಾಗುತ್ತದೆ, ಒಮ್ಮೊಮ್ಮೆ ಇಲ್ಲ. ಸ್ಟುಡಿಯೋದಲ್ಲಿ ಗುಂಪಿನ ದನಿ ಕೊಡುತ್ತೇನೆ, ಹತ್ತು ಜನರ ನಡುವೆ ನಿಂತು ಕೂಗುವುದು. ಅಳುವ ಪಾತ್ರಗಳು ಆ ಹುಡುಗಿಗೆ ಹೋದವು, ಅವು ವಾಪಸ್ ಬರುವುದಿಲ್ಲ. ಚೆನ್ನಾಗಿ ಅಳುತ್ತಾಳೆ.

ನಿನ್ನ ಪುಸ್ತಕ ಬಂತು. ಚೀಟಿ ಇಟ್ಟ ಪುಟ ತೆಗೆದೆ. "ಕುಟುಂಬದಲ್ಲಿ ಸಾವು ಸಂಭವಿಸಿದ ಸಂದರ್ಭದಲ್ಲೂ ಪಾಲ್ಗೊಂಡವರು ಭಾವನಾತ್ಮಕ ಸ್ಥಿರತೆಯನ್ನು ಕಾಯ್ದುಕೊಂಡದ್ದು ಗಮನಾರ್ಹ." ಮೇಲೆ ತಲೆಬರಹ ನೋಡಿದೆ. "ಪ್ರಯೋಜನಗಳು" ಅಂತಿತ್ತು. ಅಡ್ಡಪರಿಣಾಮಗಳ ಪುಟದಲ್ಲಿ ಬಾಯಿ ಒಣಗುವುದು ಇದೆ, ಹೊಟ್ಟೆ ತೊಳಸುವುದು ಇದೆ. ಮಗಳನ್ನು ಎತ್ತಿಕೊಂಡ ಅಪ್ಪ ಎಲ್ಲೂ ಇಲ್ಲ. ಕಣ್ಣು ತಪ್ಪಿತೇನೋ ಅಂತ ಇನ್ನೊಂದು ಸಲ ಹುಡುಕಿದೆ. ಎಚ್ಚರಿಕೆ ಅಂತ ನಾನು ಬರೆಸಿದ ಸಾಲು ನಿಮ್ಮ ಮಾತ್ರೆಗೆ ಜಾಹೀರಾತಾಗಿದೆ. ನಾಳೆ ಯಾವಳೋ ಒಬ್ಬಳು ಇದನ್ನು ಓದಿ, ಇಂಥ ಗಟ್ಟಿತನ ನನಗೂ ಬರಲಿ ಅಂತ ನುಂಗುತ್ತಾಳೆ.

ಇಷ್ಟಾದರೂ ನಿನ್ನ ಮೇಲೆ ಸಿಟ್ಟು ಕಡಿಮೆ ಮಾಡಿಕೊಳ್ಳಲು ನೋಡಿದೆ. ಕೆಲಸದ ಒತ್ತಡ, ದೊಡ್ಡವರ ಮಾತು, ಹೆದರಿಕೆ, ಎಲ್ಲ ಇರುತ್ತದೆ. ಆದರೆ ಒಂದನ್ನು ನನಗೆ ನುಂಗಲು ಆಗುತ್ತಿಲ್ಲ. ನಮ್ಮಮ್ಮನ ಸಾವನ್ನು ಅಷ್ಟು ಜನರ ಮುಂದೆ ಗಟ್ಟಿಯಾಗಿ ಓದಿದರು. ಅಮ್ಮನ ಬೆರಳು, ಅಮ್ಮನ ಲೋಟ. ಅವಳನ್ನು ಒಂದು ಸಲವೂ ನೋಡದವರು ಕಣ್ಣೊರೆಸಿಕೊಂಡರು. ಅವಳ ಹಿರಿಮಗಳು ಮೂಲೆಯ ಕುರ್ಚಿಯಲ್ಲಿ ಕೂತು "ಒಬ್ಬ ರೋಗಿಯದು" ಅಂದಳು, ಯಾರಿಗೂ ಅನುಮಾನ ಬರದ ಹಾಗೆ.

ನಾನು ಮಾತ್ರೆ ನುಂಗಿದ್ದೆ. ನೀನು ಏನು ನುಂಗಿದ್ದೆ ಅಕ್ಕ?